ಗಡ್ಡದ ಸವತಿ

ಕಲೂರು, ಕೊಚ್ಚಿ
ಭಾನುವಾರ, 14 ಜುಲೈ 2024

ಪ್ರೀತಿಯ ವೆಂಕಟೇಶ,

ಹೇಗಿದ್ದೀಯ? ಕೆಮ್ಮು ನಿಂತಿತೇ? ತಿರುವನಂತಪುರದ ಆ ಹಳೇ ಕಾಗದಗಳ ಕೋಣೆಯಲ್ಲಿ ದಿನವಿಡೀ ದೂಳು ಕುಡಿದರೆ ಕೆಮ್ಮು ಬರದೆ ಇನ್ನೇನು ಬರುತ್ತದೆ? ಮೂಗಿಗೆ ಬಟ್ಟೆ ಕಟ್ಟಿಕೋ. ಮಧ್ಯಾಹ್ನ ಚಹಾ, ಬನ್ನಿನಲ್ಲಿ ಮುಗಿಸದೆ ಊಟ ಮಾಡು. ನಾನೂ ನಿನ್ನ ಮಗಳು ಸಮೀಕ್ಷಾಳೂ ಚೆನ್ನಾಗಿದ್ದೇವೆ. ಬಂಗಾರಪೇಟೆಯಿಂದ ಬಂದಿರುವ ನಿನ್ನ ಅವ್ವ ಇಲ್ಲಿಯ ಕುಚ್ಚಲಕ್ಕಿ ಅನ್ನದ ಮೇಲೆ ಯುದ್ಧ ಸಾರಿದ್ದಾರೆ. ರಾಗಿ ಹಿಟ್ಟು ಜೊತೆಗೇ ತಂದಿದ್ದಾರೆ, ನನ್ನ ಪುಣ್ಯ.

ಫೋನಿರುವಾಗ ಕಾಗದವೇಕೆ ಎಂದು ಹುಬ್ಬೇರಿಸಬೇಡ. ನನ್ನ ಮೆಸೇಜಿಗೆ ನೀನು ಕಳಿಸುವುದು ಒಂದು ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತುವ ಗತಿ ನಮ್ಮ ಜನಕ್ಕೆ ಇನ್ನು ಬರಬಾರದು ಅಂತ ಕೋಲಾರದ ಬೀದಿಗಳಲ್ಲಿ ನಾವಿಬ್ಬರೂ ಗಂಟಲು ಹರಿದುಕೊಂಡಿದ್ದು ಇದಕ್ಕೇನಾ? ಈಗ ನೀನು ಮನಸ್ಸಿಟ್ಟು ಓದುವುದು ಕಾಗದವನ್ನು ಮಾತ್ರ, ಅದೂ ಸತ್ತವರದು. ಬದುಕಿರುವವಳ ಕಾಗದವನ್ನೂ ಒಮ್ಮೆ ಓದು.

ಹೌದು, ನನಗೆ ಹೊಟ್ಟೆಕಿಚ್ಚು. ಗಂಡ ಅಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿರಬಹುದು ಎಂದು ನಮ್ಮ ಬ್ಯಾಂಕಿನ ಪಾಲಾರಿವಟ್ಟಂ ಶಾಖೆಯ ಗೆಳತಿಯರು ನಗುತ್ತಾರೆ. ನನ್ನ ಸವತಿಗೆ ಗಡ್ಡವಿದೆ, ಸತ್ತು ನೂರು ವರ್ಷ ದಾಟಿದೆ ಅಂತ ಅವರಿಗೆ ಹೇಗೆ ಹೇಳಲಿ? ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಡಗು ಹತ್ತಿ ಬಂದು ತಿರುವನಂತಪುರದ ಹುಡುಗರಿಗೆ ಗ್ರೀಕ್, ಲ್ಯಾಟಿನ್ ಕಲಿಸಿದ ನಿನ್ನ ಹಾರ್ವುಡ್ ದೊರೆ! ಅವನ ಜೀವನಚರಿತ್ರೆ ಬರೆಯಲೆಂದು ಕೆಲಸಕ್ಕೆ ರಜೆ ಹಾಕಿ ಹೋದವನು ನೀನು. ಅವನು ಏನು ತಿಂದ, ಯಾವ ಜ್ವರದಲ್ಲಿ ನರಳಿದ, ಕ್ರಿಯಾಪದ ತಪ್ಪಿದವನನ್ನು ಹೇಗೆ ಗದರಿದ, ಎಲ್ಲ ನಿನಗೆ ಗೊತ್ತು. ನಿನ್ನ ಮಗಳ ಮುಂದಿನ ಹಲ್ಲು ಬಿದ್ದದ್ದು ಗೊತ್ತೇ? ಅವನು ಇಂಗ್ಲೆಂಡಿನಲ್ಲೇ ಬಿಟ್ಟುಬಂದ ಹೆಂಡತಿ ಎಡಿತ್‌ಗೆ ಬರೆದು ನಕಲು ಇಟ್ಟುಕೊಂಡಿದ್ದ ಕಾಗದವನ್ನು ಹೋದ ವಾರ ನೀನು ಫೋನಿನಲ್ಲಿ ಓದಿದೆ. ‘ನಿನ್ನ ಹೆಸರನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದು ನೋಡುತ್ತಿರುತ್ತೇನೆ’ ಎಂಬ ಸಾಲನ್ನು ಎರಡೆರಡು ಸಲ ಓದಿದೆ. ನಾನು ಕುಕ್ಕರ್ ಆರಿಸಿ ಹಾಗೇ ನಿಂತಿದ್ದೆ ಕಣೋ. ನನ್ನ ಯಾವ ಸಾಲನ್ನು ನೀನು ಎರಡನೇ ಸಲ ಓದಿದ್ದೀಯ?

ದೊರೆ ಒಳ್ಳೆಯವನೇ ಇರಲಿ. ಅವನ ತರಗತಿಯ ಪಂಖದ ಹಗ್ಗವನ್ನು ಹೊರಗೆ ಕೂತು ಎಳೆದವರು ಯಾರು? ನಮ್ಮಂಥವರು ರಾಜಬೀದಿಯಲ್ಲಿ ನಡೆದರೂ ಮೈಲಿಗೆ ಅನ್ನುತ್ತಿದ್ದ ಕಾಲ ಅದು. ಒಳಗೆ ಕೂತವರಿಗೆ ಗ್ರೀಕ್, ಹೊರಗಿದ್ದವರಿಗೆ ಹಗ್ಗ. ನಿನ್ನ ತಾತ ಮುನಿಯಪ್ಪನವರೂ ಮೇಷ್ಟ್ರೇ. ಶಾಲೆಯವರು ಒಳಗೆ ಬಿಡದ ಕೇರಿ ಮಕ್ಕಳಿಗೆ ಅಂಗಳದ ಮರಳಿನಲ್ಲಿ ಅಕ್ಷರ ತಿದ್ದಿಸಿದವರು. ಅವರ ಬದುಕು ಬರೆಯುತ್ತೇನೆ ಅಂತ ನೀನು ನನ್ನ ಕೈಹಿಡಿದಾಗ ಹೇಳಿದ್ದೆ. ಮರಳಿನ ಮೇಲೆ ಬರೆದದ್ದು ಯಾವ ಕೋಣೆಯಲ್ಲೂ ಸಿಗುವುದಿಲ್ಲ, ನಿಜ. ಆದರೆ ಅದನ್ನು ತಿದ್ದಿದವರು ಕೇರಿಯಲ್ಲಿ ಇನ್ನೂ ಒಬ್ಬಿಬ್ಬರು ಬದುಕಿದ್ದಾರೆ. ಅವರೂ ಸತ್ತ ಮೇಲೆ ಹುಡುಕಿಕೊಂಡು ಹೋಗುತ್ತೀಯಾ?

ಮೊನ್ನೆ ಏನಾಯಿತು ಗೊತ್ತಾ? ಅತ್ತೆ ಮೊಮ್ಮಗಳನ್ನು “ನಿಮ್ಮಪ್ಪ ಯಾರ ಜತೇಲವ್ನೆ ಕಣಮ್ಮ?” ಅಂತ ಕೇಳಿದರು. ಇವಳು ಥಟ್ಟನೆ “ಸಾಯಿಪ್ಪ್!” ಅಂದಳು. ಬಿಳಿ ದೊರೆಗೆ ಮಲಯಾಳದಲ್ಲಿ ಹಾಗನ್ನುತ್ತಾರೆ ಅಂತ ಅತ್ತೆಗೇನು ಗೊತ್ತು? “ಅಯ್ಯಯ್ಯೋ, ಹೆತ್ತಪ್ಪನ್ನೇ ಸಾಯಪ್ಪ ಅಂತಾಳಲ್ಲೇ ರತ್ನಾ!” ಎಂದು ಎದೆ ಬಡಿದುಕೊಂಡರು. ಮಗು ಹೆದರಿ ಮಲಯಾಳದಲ್ಲೇ ಅತ್ತಿತು. ಅಜ್ಜಿಗೆ ಅದರ ಒಂದು ಮಾತೂ ತಿಳಿಯಲಿಲ್ಲ. ನಡುವೆ ನಾನು ದುಭಾಷಿ. ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಮುನಿಯಪ್ಪನವರ ಮರಿಮಗಳಿಗೆ ಕನ್ನಡದ ಅ ಆ ಇ ಈ ಬರುವುದಿಲ್ಲ, ಅವಳಪ್ಪ ಗ್ರೀಕ್ ಮೇಷ್ಟ್ರ ಕಾಲ ಬುಡದಲ್ಲಿ ಕೂತಿದ್ದಾನೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಬೈಗುಳದ ಜೊತೆಗೇ. ಬಿದ್ದ ಹಲ್ಲನ್ನು ನಿನಗೆ ತೋರಿಸಲೆಂದು ಸಮೀಕ್ಷಾ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಾಳೆ.

ಇನ್ನೂ ನಿನ್ನವಳೇ,
ರತ್ನ

ಮರೆತಿದ್ದೆ: ಇನ್ನೊಂದು ವರ್ಷ ಅಲ್ಲೇ ಇರುತ್ತೇನೆ, ಒಪ್ಪಿಕೋ ಅಂದಿದ್ದೆಯಲ್ಲ. ಒಪ್ಪುವುದಿಲ್ಲ. ನಾನು ಬಂಗಾರಪೇಟೆ ಶಾಖೆಗೆ ವರ್ಗ ಕೇಳಿದ್ದೆ, ಶುಕ್ರವಾರ ಆದೇಶ ಬಂತು. ತಿಂಗಳ ಕೊನೆಗೆ ನಾವು ಮೂವರೂ ಹೊರಡುತ್ತೇವೆ. ನಾಲ್ಕನೆಯ ಟಿಕೆಟ್ಟನ್ನೂ ತೆಗೆಸಿದ್ದೇನೆ, ಅದು ದೊರೆಗಲ್ಲ. ಎಡಿತ್ ಬರೆದ ಉತ್ತರ ಒಂದೂ ಉಳಿದಿಲ್ಲ, ಅವನು ಎತ್ತಿಟ್ಟುಕೊಳ್ಳಲೇ ಇಲ್ಲ ಅಂತ ನೀನೇ ಹೇಳಿದ್ದೆ. ಇದನ್ನಾದರೂ ನೀನು ಎತ್ತಿಟ್ಟುಕೋ.