ಜೇನಿಗೆ ಹೇಳಬೇಕಾದ ಸುದ್ದಿ

ಗೊನೆರಿ ಅಣ್ಣಾ,

ಇವತ್ತು ರೇಡಿಯೊದಲ್ಲಿ ಮಿತ್ರಪಡೆಯ ಸೇನಾಪತಿ ನಮ್ಮ ಜನರನ್ನೆಲ್ಲ ಉದ್ದೇಶಿಸಿ ಮಾತಾಡಿದ. ಸೈನ್ಯ ನಾರ್ಮಂಡಿ ದಡಕ್ಕೆ ಇಳಿದಿದೆಯಂತೆ, ಬಿಡುಗಡೆ ಹತ್ತಿರವಂತೆ. ನಾವು ಹೇಳುವವರೆಗೆ ದುಡುಕಬೇಡಿ, ಸುಮ್ಮನೆ ಜೀವ ಕಳೆದುಕೊಳ್ಳಬೇಡಿ ಅಂದ.

"ಹೋದ ತಿಂಗಳೇ ಹೇಳೋಕೆ ಏನಾಗಿತ್ತಪ್ಪ ನಿಂಗೆ?" ಅಂತ ಅಮ್ಮ ರೇಡಿಯೊವನ್ನೇ ಕೇಳಿದಳು.

ಹೋದ ತಿಂಗಳು ಜರ್ಮನ್ನರ ರೈಲು ಹಳಿ ಕೀಳಲು ಹೋಗಿ ನೀನು ಗುಂಡೇಟಿಗೆ ಸತ್ತಾಗ, ಜೇನಿಗೆ ಸಾವಿನ ಸುದ್ದಿ ಹೇಳಿ ಹಿತ್ತಲ ಗೂಡಿಗೆ ಕಟ್ಟಿದ ಕರಿಬಟ್ಟೆ ಇನ್ನೂ ಹಾಗೇ ಇದೆ.

ಪಕ್ಕದ ಮನೆಯ ಎಫ್ಲಾಮ್ ಮಾವ, "ಸಂತೋಷದ ಸುದ್ದಿ ಬಂದೈತೆ, ಕೆಂಪು ಕಟ್ಟಿ ಜೇನಿಗೂ ಹೇಳವ್ವ. ಇಲ್ಲಾಂದ್ರೆ ಮುನಿಸ್ಕೊಂಡು ಹಾರೋಗ್ತವೆ!" ಅಂದರು.

"ಹೋಗ್ಲಿ ಬಿಡಿ, ಬಾರದವನಿಗೆ ಕಾಯೋದು ಅವಕ್ಕಾದ್ರೂ ತಪ್ಪಲಿ" ಅಂದಳು ಅಮ್ಮ.

ಕೊನೆಗೆ ನಾನೇ ಹೋದೆ. ಕರಿಬಟ್ಟೆಯ ಮೇಲೆಯೇ ಕೆಂಪು ಕಟ್ಟಿದೆ. ಬಗ್ಗಿ ಸುದ್ದಿ ಹೇಳಬೇಕೆಂದರೆ, ಬಾಯಿಗೆ ಬಂದದ್ದು ನಿನ್ನ ಹೆಸರೊಂದೇ.