ಸಲೂನಿನಲ್ಲಿ ಬೆಂದ ಮೊಟ್ಟೆ

ಜೂನ್ 3, ಮಧ್ಯಾಹ್ನ

ಮತ್ತೆ ವಾಂತಿ. ಏಳನೇ ತಿಂಗಳಲ್ಲೂ! ಊಟಕ್ಕೆ ಬಂದ ಇವರೇ ಮೊಟ್ಟೆ ಬೇಯಲು ಇಟ್ಟರು, ಇವರೇ ಬೆನ್ನು ನೀವಿದರು. ಆ ವಾಸನೆಗೆ ಹೊಟ್ಟೆ ತೊಳಸುತ್ತದೆ ಅಂತ ನೂರು ಸಲ ಹೇಳಿದ್ದೇನೆ.

ಆದರೆ ಡಾಕ್ಟರಮ್ಮ ಹೇಳಿದ್ದೂ ನಿಜ. ಮಗು ಸಣ್ಣದಿದೆ. ನನಗೋ ಏನೂ ಸೇರುತ್ತಿಲ್ಲ. ಅದರ ತೂಕ ಏರದಿದ್ದರೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾದೀತಂತೆ. ಭಯವಾಗುತ್ತದೆ.

ಜೂನ್ 4

ತಮ್ಮ ಸಲೂನಿನಲ್ಲಿ ಗಡ್ಡಕ್ಕೆ ನೀರು ಕಾಯಿಸುವ ಕೆಟಲಿನಲ್ಲೇ ಎರಡು ಮೊಟ್ಟೆ ಬೇಯಿಸಿ, ಆರಿಸಿ, ಜೇಬಿನಲ್ಲಿಟ್ಟುಕೊಂಡು ಬಂದರು ಮಹಾರಾಯರು. ಬಿಳಿ ತಿಂದೆ. ಹಳದಿ ಬಿಟ್ಟೆ.

"ಹಳದೀಲೇ ಕಣೇ ಇರೋದು! ಮಗೂ ಮಿದುಳಿಗೆ ಕೋಲೀನು, ಬಿ ಹನ್ನೆರಡು... ಪ್ರೋಟೀನೂ ಬರೀ ಬಿಳೀಲಿಲ್ಲ, ಎರಡೂ ಸೇರಿದ್ರೇನೇ ಆರು ಗ್ರಾಂ."

"ಯಾರ್ರೀ ಹೇಳಿದ್ದು?"

"ಮೆಡಿಕಲ್ ಶಾಪಿನವ್ರು ಶೇವಿಂಗಿಗೆ ಬಂದಿದ್ರು. ಅರ್ಧ ಗಡ್ಡ ಹಾಗೇ ಬಿಟ್ಟು ಎಲ್ಲಾ ಕೇಳ್ಕೊಂಡೆ. ಪಾಪ, ಎದ್ದು ಹೋಗೋ ಹಾಗಿರ್ಲಿಲ್ಲ."

ನಕ್ಕು ನಕ್ಕು ಹಳದಿಯನ್ನೂ ಬಾಯಿಗೆ ಹಾಕಿಕೊಂಡೆ. ಉಗಿದೆ. ಇವರ ಮುಖ ನೋಡಲಾಗಲಿಲ್ಲ.

ಜೂನ್ 9

ಇವತ್ತು ತುತ್ತು ಮಾಡಿ ತಿನ್ನಿಸಲು ಕೂತರು. ಮೂರು ವರ್ಷದ ಮಗುವೇ ನಾನು? ಬಯ್ಯೋಣ ಅಂತ ಬಾಯಿ ತೆರೆದೆ — ತುರುಕಿಯೇ ಬಿಟ್ಟರು.

ಬೆರಳ ತುಂಬ ಶೇವಿಂಗ್ ಲೋಷನ್ನಿನ ಘಮ. ಮೊಟ್ಟೆಯ ವಾಸನೆ ಗೊತ್ತೇ ಆಗಲಿಲ್ಲ! ಇವರ ಅಂಗೈಯನ್ನು ಮೂಗಿಗೆ ಒತ್ತಿಕೊಂಡು ಹಳದಿ ಸಮೇತ ನುಂಗಿದೆ. ಇನ್ನೊಂದನ್ನೂ. ಎರಡೂ ಹೊಟ್ಟೆಯಲ್ಲೇ ಉಳಿದವು.

"ಗಿರಾಕಿ ಕಾಯ್ತಿದಾರೆ, ಕೈ ಬಿಡೇ."

ಬಿಡಲಿಲ್ಲ. ಎಷ್ಟು ಒಳ್ಳೆಯವರು ಇವರು... ಎದುರಿಗೆ ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಜೂನ್ 30

ಸ್ಕ್ಯಾನ್. ಮಗು ಬೆಳೆದಿದೆ! ದಿನ ತುಂಬುವವರೆಗೂ ಕಾಯಬಹುದಂತೆ.

"ಎಲ್ಲಾ ಮೊಟ್ಟೆಯಿಂದ ಅಲ್ವಾ ಮೇಡಂ?" ಇವರು.

"ಮೊಟ್ಟೆನೂ ಒಳ್ಳೇದೇ. ವಾಂತಿ ನಿಂತು ಊಟ ಸೇರ್ತಿದೆಯಲ್ಲ, ಅದೂ ಮುಖ್ಯ."

ಪೂರ್ತಿ ಮಾರ್ಕ್ಸ್ ಸಿಗಲಿಲ್ಲ ಅಂತ ದಾರಿಯುದ್ದಕ್ಕೂ ಗೊಣಗಿದರು.

ಆಗಸ್ಟ್ 17, ಆಸ್ಪತ್ರೆ

ಮಗಳು. ದಿನ ತುಂಬಿಯೇ ಬಂದಳು. ಎರಡು ಕೆಜಿ ಎಂಟುನೂರು. ಒಂದೇ ಸಮನೆ ಅಳು.

ಇವರು ಮುಟ್ಟಲೂ ಒಪ್ಪುತ್ತಿಲ್ಲ. ದಿನವಿಡೀ ಜನರ ಕುತ್ತಿಗೆ ಮೇಲೆ ರೇಜರ್ ಆಡಿಸುವ ಕೈ, ಈಗ ಬೆನ್ನ ಹಿಂದೆ ಅಡಗಿದೆ. "ಬೀಳಿಸಿಬಿಟ್ರೆ?" ಅಂತೆ. ಗದರಿಸಿ ಕೂರಿಸಿದೆ. ಮಗಳನ್ನು ಇವರ ತೊಡೆ ಮೇಲೆ ಮಲಗಿಸಿದೆ.

ಅವಳ ಅಳು ನಿಂತಿತು. ಈಗ ಇವರದು ಶುರು —