ಬೊಂಬೆಗೆ ನೆಂಟರಿಲ್ಲ

ಫೆಬ್ರವರಿ 19, ಬುಧವಾರ

ಮುನಿಸಿಕೊಂಡು ಕೂತಿರುವ ನನ್ನ ಮಗಳು ಅರಸೆಲಿಗೆ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಎತ್ತಿದ್ದು ನಿನ್ನ ಚಿಕ್ಕಮ್ಮ ಸುನಿಲ್ಡಾ. "ಅವ್ಳು ಸ್ನಾನಕ್ಕೆ ಹೋಗಿದಾಳೆ ಅಕ್ಕ" ಎಂದು ಮೂರು ಸಲವೂ ಒಂದೇ ಸುಳ್ಳು. ಹದಿನೈದು ದಿನದಿಂದ ಸ್ನಾನ ಮಾಡುತ್ತಲೇ ಇರುವ ಹುಡುಗಿಗೆ ಕಾಗದ ಬರೆಯದೆ ಬೇರೆ ದಾರಿ ಕಾಣಲಿಲ್ಲ. ಓದದೆ ಹರಿದು ಹಾಕಬೇಡ.

ಸೋಮವಾರ ಶಾಲೆ ಶುರು. ನೀನು ಅಲ್ಲೇ, ಚಿಕ್ಕಮ್ಮನ ಊರಿನ ಶಾಲೆಗೇ ಸೇರುತ್ತೀಯಂತೆ. ಇನ್ನು ಜನ್ಮದಲ್ಲಿ ಯಾರಿಗೆ ಏನೇ ಆದರೂ ಮೈಮುಟ್ಟುವುದಿಲ್ಲವಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಎರಡು ವರ್ಷ, ಶನಿವಾರ ತಪ್ಪದೆ, ಆರೋಗ್ಯ ಕೇಂದ್ರದ ನರ್ಸ್ ಕೆಲಸ ಮುಗಿಸಿ ಊದಿದ ಕಾಲಿನಲ್ಲೇ ಬಂದು ನಿಮಗೆಲ್ಲ ಪ್ರಥಮ ಚಿಕಿತ್ಸೆ ಕಲಿಸಿದ್ದು ಇದಕ್ಕೇನು? ನೀವೋ, ಆ ರಬ್ಬರ್ ಬೊಂಬೆಗೆ ಹೆಡ್‌ಮಾಸ್ಟರರ ಮೀಸೆ ಬರೆದು ಬಿದ್ದು ಬಿದ್ದು ನಕ್ಕವರು. ಬೈಸಿಕೊಂಡವಳು ನಾನು. ಬ್ಯಾಂಡೇಜ್ ಬಟ್ಟೆ ಕೇಳಿದರೆ ಮುಂದಿನ ತಿಂಗಳು ಎನ್ನುವ ಮನುಷ್ಯ ಮೀಸೆಯ ವಿಷಯಕ್ಕೆ ಅದೇ ದಿನ ಕರೆಸಿದರು.

ಹಬ್ಬದ ದಿನ ನಡೆದದ್ದನ್ನು ನೀನು ಚಿಕ್ಕಮ್ಮನಿಗೆ ಹೇಗೆ ಹೇಳಿದ್ದೀಯೋ ಕಾಣೆ. ನನ್ನ ಕಡೆಯದನ್ನೂ ಕೇಳು. ಪರಾಗ್ವೆಯ ಗಂಟಲುಗಳನ್ನೆಲ್ಲ ಕಾಯುವ ಸಂತ ಬ್ಲಾಸನ ಹಬ್ಬದ ಊಟದಲ್ಲೇ ಪಕ್ಕದ ಮನೆಯ ಎಲಿಹಿಯೊ ಮಾಮನ ಗಂಟಲಿಗೆ ಸುಟ್ಟ ಮಾಂಸದ ತುಂಡು ಸಿಕ್ಕಿಕೊಂಡಿತು. ಉಸಿರಿಲ್ಲ, ಕೆಮ್ಮಿಲ್ಲ, ಮುಖ ನೀಲಿ. ಹೆಂಗಸರೆಲ್ಲ ಎದ್ದು ಮಾಮನ ಎರಡೂ ಕೈ ಮೇಲಕ್ಕೆತ್ತಿ ಹಿಡಿದು "ಸಂತ ಬ್ಲಾಸ್, ಸಂತ ಬ್ಲಾಸ್" ಎಂದು ಕೂಗತೊಡಗಿದರು. ಒಬ್ಬಳು ನೀರು ಕುಡಿಸಲು ಹೋದಳು. ನಮ್ಮಲ್ಲಿ ಗಂಟಲಿಗೆ ಸಿಕ್ಕರೆ ಮೊದಲು ಸಂತ, ಆಮೇಲೆ ನರ್ಸ್. ನೀನು ಮೆಲ್ಲಗೆ "ದಾರಿ ಬಿಡಿ, ನಂಗೆ ಬರುತ್ತೆ" ಅಂದೆಯಂತೆ. ಮಾಮನ ಹೆಂಡತಿ ದೆಯೋಲಿಂದಾ "ಸುಮ್ನೆ ಕೂತ್ಕೊಳ್ಳೇ, ದೊಡ್ಡೋರಿದೀವಲ್ಲ" ಅಂದಳಂತೆ. ಆದರೂ ನೀನು ನುಗ್ಗಿ, ಹಿಂದಿನಿಂದ ತಬ್ಬಿ ಹಿಡಿದು, ಹೊಟ್ಟೆಯನ್ನು ಒಂದು ಸಲ ಒತ್ತಿದೆ. ಅಷ್ಟರಲ್ಲಿ ಬೇಯಿಸಿದ ಮರಗೆಣಸಿನ ತಟ್ಟೆ ಹಿಡಿದು ಹೊರಗೆ ಬಂದ ನಾನು "ಕೈ ತೆಗಿಯೇ, ಪಕ್ಕೆಲುಬು ಮುರೀತೀಯ" ಎಂದು ಕಿರುಚಿ ನಿನ್ನನ್ನು ಆಚೆಗೆ ಎಳೆದೆ. ಆಮೇಲೆ ನಾನೇ ಒತ್ತಿದೆ, ತುಂಡು ಹೊರಗೆ ಬಿತ್ತು. ಮಾಮ ಆರು ದಿನ ಆಸ್ಪತ್ರೆಯಲ್ಲಿದ್ದರು. ಈಗ ಮನೆಗೆ ಬಂದಿದ್ದಾರೆ, ಆದರೆ ಮೊಮ್ಮಕ್ಕಳ ಹೆಸರು ನೆನಪಿಗೆ ಬರುವುದಿಲ್ಲ.

ನಿನ್ನ ಕೈ ತುಸು ಮೇಲಿತ್ತು, ಅದಕ್ಕೇ ಎಳೆದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೂ ಹೇಳಿದೆ. ಭಯವೂ ಇತ್ತು. ನಿನ್ನ ಕೈಯಲ್ಲೇ ಅವರ ಜೀವ ಹೋಗಿದ್ದರೆ ಈ ಊರು ನಿನ್ನನ್ನು ಸುಮ್ಮನೆ ಬಿಡುತ್ತಿತ್ತೇ? ಹೆತ್ತ ಕರುಳಿನ ಸಂಕಟ ನಿನಗೀಗ ಅರ್ಥವಾಗದು. ಇಲ್ಲಿ ಬೀದಿಯವರೆಲ್ಲ ಚೀಪಾ ರೊಟ್ಟಿ ಹಿಡಿದು ಬರುತ್ತಾರೆ. "ನಿಮಿಯಾ ಇಲ್ದಿದ್ರೆ ಅವ್ರು ಉಳೀತಿರ್ಲಿಲ್ಲ" ಎನ್ನುತ್ತಾರೆ. ಆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ನಾಯಿಗೆ ಹಾಕಲೂ ಮನಸ್ಸು ಬರುವುದಿಲ್ಲ.

ಹೋದ ಶನಿವಾರ ರಜೆಯಲ್ಲೂ ಏಳು ಮಕ್ಕಳು ತರಗತಿಗೆ ಬಂದಿದ್ದರು. ಆಗ ನನಗೊಂದು ಹೊಳೆಯಿತು. ಎರಡು ವರ್ಷ ನಿಮಗೆ ಬೊಂಬೆಯ ಮೇಲೆ ಕಲಿಸಿದೆ, ಬೊಂಬೆಗೆ ನೆಂಟರಿಲ್ಲ. ಅದರ ಪಕ್ಕ ಯಾರೂ ಅಳುವುದಿಲ್ಲ, ನೀರು ತರುವುದಿಲ್ಲ, ಚಿಕ್ಕವಳು ನೀನು ಸುಮ್ಮನಿರು ಎನ್ನುವುದಿಲ್ಲ. ಸರಿ, ಸಂತೆಯಿಂದ ನಾಲ್ಕು ಹೆಂಗಸರನ್ನು ಕರೆತಂದು ಬೊಂಬೆಯ ಸುತ್ತ ಗೋಳಾಡಲು ಹೇಳಿದೆ. ಅವರು ಎಷ್ಟು ಚೆನ್ನಾಗಿ ಅತ್ತರೆಂದರೆ ಒಂದು ಮಗುವೂ ಹತ್ತಿರ ಸುಳಿಯಲಿಲ್ಲ. "ಜೋರಾಗಿ ಹೇಳ್ರೋ, ಸರಿಸ್ರೋ ಅವ್ರನ್ನ" ಎಂದು ಅರಚಿ ಅರಚಿ ಸುಸ್ತಾದೆ. ಆಗ ಆ ವಿಲ್ಫ್ರಿಡೊ ಕೈಯೆತ್ತಿ, "ಟೀಚರ್, ನಮ್ಮನ್ನ ಆಚೆಗೆ ಎಳೆಯೋರು ನೀವೇ ಆದ್ರೆ ಏನ್ ಮಾಡ್ಬೇಕು?" ಎಂದು ಕೇಳಿದ. ಅಳುತ್ತಿದ್ದ ಹೆಂಗಸರೂ ನಕ್ಕುಬಿಟ್ಟರು. ಅವನನ್ನು ಹೊರಗೆ ಕಳಿಸಿದೆ. ಮಿಕ್ಕವರೂ ಅವನ ಹಿಂದೆಯೇ ಎದ್ದು ಹೋದರು. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಹಟ ಸಾಕು. ಭಾನುವಾರದ ಬಸ್ಸಿಗೆ ಹೊರಟು ಬಾ. ನಿನ್ನ ಸಮವಸ್ತ್ರದ ಅಂಚು ಬಿಚ್ಚಿ ಎರಡು ಬೆರಳು ಉದ್ದ ಮಾಡಿಟ್ಟಿದ್ದೇನೆ.

ಬೈದರೂ ನಿನ್ನವಳೇ ಆದ
ಅಮ್ಮ, ನಿಮಿಯಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿನ್ನ ಕೈ ಮೇಲಿರಲಿಲ್ಲ. ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ನಾನು ಕಲಿಸಿದ ಜಾಗದಲ್ಲೇ ಇತ್ತು. ಕಣ್ಣಾರೆ ಕಂಡೆ. ನರ್ಸ್ ಇರುವಾಗ ಹದಿನಾರರ ಹುಡುಗಿ ಕೈಹಾಕಿದಳಲ್ಲ ಎಂದು ಜನ ಆಡಿಕೊಂಡಾರು, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ನಿನ್ನನ್ನು ಎಳೆದ ಮೇಲೆ ನನ್ನ ಕೈ ಮೇಲೇಳಲಿಲ್ಲ. ಎಷ್ಟೋ ಹೊತ್ತು ಆ ಹೆಂಗಸರ ಜೊತೆ ನಾನೂ ಸಂತನನ್ನೇ ಕೂಗುತ್ತ ನಿಂತಿದ್ದೆ. ಮಾಮನ ನೆನಪು ಹೋದದ್ದು ಉಸಿರಿಲ್ಲದ ಆ ಹೊತ್ತಿನಲ್ಲಿ, ನಿನ್ನಿಂದಲ್ಲ. ಇವತ್ತು ಬೆಳಿಗ್ಗೆ ದೆಯೋಲಿಂದಾಳ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವಳು ಬಾಗಿಲು ಹಾಕಿಕೊಂಡಳು. ಅವಳು ಮಾತು ಬಿಟ್ಟರೂ ತಡೆದುಕೊಳ್ಳುತ್ತೇನೆ, ನೀನು ಬಿಡಬೇಡ.